ಹೆಸರಿಲ್ಲದ ಪ್ರಾರ್ಥನೆ ಚೀಟಿ

ಗಟ್ಟಿಯಾಗಿ ಓದುವುದಾ, ಮಾರಾಯ್ತಿ! ಡಬ್ಬಿಯಿಂದ ಒಂದು ಚೀಟಿ ಎತ್ತಬೇಕು, ಬೈಬಲಿನೊಳಗೆ ಇಟ್ಟುಕೊಳ್ಳಬೇಕು, ವಾರವಿಡೀ ಮನೆಯಲ್ಲಿ ಆ ವಿನಂತಿಗಾಗಿ ಪ್ರಾರ್ಥಿಸಬೇಕು. ಮಣಿನಗರದ ನಮ್ಮ ಕನ್ನಡ ಕೂಟದಲ್ಲಿ ಹದಿನೈದು ವರ್ಷದಿಂದ ಇದೇ ಕ್ರಮ. ನೀನು ಹೊಸಬಳು ನಮಿತಾ, ಗಂಡನ ಬ್ಯಾಂಕಿನ ವರ್ಗದಲ್ಲಿ ಮೊನ್ನೆ ಮೊನ್ನೆ ಗುಜರಾತಿಗೆ ಬಂದವಳು, ಗೊತ್ತಿಲ್ಲ... ಇರಲಿ. ಆದರೂ ಹೋದ ಆದಿತ್ಯವಾರ ಅಷ್ಟು ಜನರ ಎದುರು! ‘ನನಗೆ ಪ್ರಾರ್ಥಿಸಲು ಆಗುತ್ತಿಲ್ಲ. ಕೇಳುವವರು ಯಾರೂ ಇಲ್ಲ ಅನಿಸುತ್ತದೆ. ನನಗಾಗಿ ಪ್ರಾರ್ಥಿಸಿ.’ ಪಾದ್ರಿಗಳ ಮುಖ ನೋಡಿದೆಯಾ? ಹರಳೆಣ್ಣೆ ಕುಡಿದ ಹಾಗೆ!

ಯಾಕೆ ನಗ್ತೀ? ನಗುವ ವಿಷಯವಾ ಇದು?

ಬರೆದವರಿಗೆ ನಾಚಿಕೆ ಬೇಡವಾ? ಹೆಸರು ಹಾಕುವ ಧೈರ್ಯವೂ ಇಲ್ಲ! ಸುಶೀಲಾ ಇರಬೇಕು. ಮೂರು ಆದಿತ್ಯವಾರ ಪತ್ತೆಯಿಲ್ಲದೆ ಈ ಸಲ ಬಂದವಳು. ನೆಗಡಿಯಂತೆ, ನೆಗಡಿ! ಅಲ್ಲದಿದ್ದರೆ ಆ ಅನಿಲ್. ಗುಜರಾತಿ ಆರಾಧನೆಯಲ್ಲಿ ಸುಮ್ಮನೆ ತುಟಿ ಆಡಿಸುತ್ತಾ ಗಡಿಯಾರ ನೋಡುವ ಪ್ರಾಣಿ.

ನನ್ನನ್ನು ನೋಡು. ನಮ್ಮವರು ರೈಲ್ವೆಯಿಂದ ನಿವೃತ್ತಿಯಾಗಿ ಎರಡೇ ತಿಂಗಳು... ಹೋದ ವರ್ಷ ಈಸ್ಟರಿನ ಮರುದಿನ ತೀರಿಕೊಂಡರು. ಒಂದು ತೊಟ್ಟು ಕಣ್ಣೀರು ಹಾಕಿದೆನಾ? ಪೆಟ್ಟಿಗೆ ಇಳಿಸುವಾಗ ಕೀರ್ತನೆ ಎತ್ತಿದವಳು ನಾನು! ‘ಇಂದುಮತಿಯಕ್ಕನ ವಿಶ್ವಾಸ ಬಂಡೆ’ ಅಂತ ಎಲ್ಲರೂ ಹೇಳ್ತಾರೆ. ಈಗಲೂ ಹೇಳ್ತಾರೆ. ಬಂಡೆಯಂತೆ... ಬಂಡೆ ಹೋಗಿ ಯಾರ ಹತ್ತಿರ ಹೇಳಿಕೊಳ್ಳಬೇಕು?

ಏನಿಲ್ಲ. ಏನೋ ಅಂದೆ. ಇವರದ್ದು ಹಾಗಾ? ನೇರಳೆ ಪೆನ್ಸಿಲಿನಲ್ಲಿ ಎರಡು ಸಾಲು ಗೀಚಿ, ಡಬ್ಬಿಗೆ ತುರುಕಿ, ಕಳ್ಳರ ಹಾಗೆ ಕೂತುಬಿಡುವುದು!

ಅದಿರಲಿ. ನೀನು... ಪ್ರಾರ್ಥಿಸ್ತಿದ್ದೀಯಲ್ಲ? ದಿನಾ? ಒಂದು ದಿನವೂ ಬಿಟ್ಟಿಲ್ಲ ತಾನೇ? ಅಲ್ಲ, ಸುಮ್ಮನೆ ಕೇಳಿದೆ. ಹೆಸರೇ ಗೊತ್ತಿಲ್ಲದವರಿಗೆ ಹೇಗೆ ಪ್ರಾರ್ಥಿಸ್ತೀ ಅಂತ...



ಈಗ ಯಾಕೆ ಬೈಬಲ್ ತೆಗೆದೆ? ಆ ಚೀಟಿ... ಹೌದು, ನೇರಳೆ ಅಂದೆ. ಹೇಗೆ ಗೊತ್ತಾಯಿತು ಅಂತಲಾ? ಯಾರೋ ಹೇಳಿದರು ನನಗೆ. ಯಾರು ಅಂದರೆ... ನೀನು ಯಾರಿಗೂ ತೋರಿಸಲಿಲ್ಲವಾ?

ಆ ಭರಣಿ ಯಾಕೆ ತಿರುಗಿಸ್ತೀ? ನಾನೇ ಕೊಟ್ಟ ಮಿಡಿ ಉಪ್ಪಿನಕಾಯಿ ಅದು. ಮೇಲೆ ಅಂಟಿಸಿದ ಕಾಗದದಲ್ಲಿ ತಿಂಗಳು ಬರೆದದ್ದೂ ನಾನೇ. ನಮ್ಮವರ ಆಫೀಸಿನ ನೇರಳೆ ಪೆನ್ಸಿಲು... ಈಗ ಬೆರಳಷ್ಟು ಉಳಿದಿದೆ.

ಏನಾದರೂ ಹೇಳು, ನಮಿತಾ.

ಬೇಡ. ಹೇಳಬೇಡ. ನಾಳೆ ಬೆಳಿಗ್ಗೆ ಮಾತ್ರ... ಹೆಸರು ಹಿಡಿದೇ ಪ್ರಾರ್ಥಿಸು, ಮಗಾ.