ಕಿಟಕಿಗೆ ಸಾಕ್ಷಿ ಹುಡುಕಿದ ಪ್ರಭು

ಕೇಳಿ ತಾಯಂದಿರೇ, ಅಣ್ಣಂದಿರೇ. ವಿಕ್ಟೋರಿಯಾ ರಾಣಿಯ ಕಾಲ. ಇಂಗ್ಲೆಂಡಿನಲ್ಲಿ ಒಬ್ಬ ಶ್ರೀಮಂತ ಪ್ರಭು ಇದ್ದ. ಎಂಥ ಶ್ರೀಮಂತ? ನೆಲದಡಿ ಕಲ್ಲಿದ್ದಲು, ನೆಲದ ಮೇಲೆ ಮೂರು ಕೋಟೆ. ಕುಡಿತವಿಲ್ಲ, ಜೂಜಿಲ್ಲ. ಮಹಾ ವಿದ್ವಾಂಸ. ಪಾಳುಬಿದ್ದ ಕೋಟೆಗಳನ್ನು ಹಿಂದೆ ಇದ್ದ ಹಾಗೆಯೇ ಕಟ್ಟಿಸುವುದು ಅವನ ಹುಚ್ಚು. ನೋಡಿ, ಹಿಂದೆ ಇದ್ದ ಹಾಗೆಯೇ! ಒಂದು ಕಲ್ಲು ಹೆಚ್ಚಿಲ್ಲ, ಒಂದು ಕಲ್ಲು ಕಡಿಮೆಯಿಲ್ಲ. ನನಗೆ ಅವನ ಮೇಲೆ ಸಿಟ್ಟು ಬರುವುದಿಲ್ಲ, ಸಂಕಟವಾಗುತ್ತದೆ.

ಅವನ ಹೆಂಡತಿ ಎದೆಯ ಕಾಯಿಲೆಯಿಂದ ಹಾಸಿಗೆ ಹಿಡಿದಳು. ಕೋಟೆಯೊಳಗಿನ ಅವಳ ಕತ್ತಲೆ ಕೋಣೆಯ ದಕ್ಷಿಣಕ್ಕೆ ಗೋಡೆ. ಗೋಡೆಯಾಚೆ ಸೇಬಿನ ತೋಟ, ಬಿಸಿಲು. ಒಂದು ದಿನ ಗಂಡನ ಕೈ ಹಿಡಿದು ಕೇಳಿದಳು: "ಇಲ್ಲೊಂದು ಕಿಟಕಿ ಇಡಿಸ್ರೀ. ಮಲಗಿದಲ್ಲಿಂದ್ಲೇ ಒಂಚೂರು ಬಿಸಿಲು ನೋಡ್ತೀನಿ."

"ಇದು ಆರುನೂರು ವರ್ಷದ ಗೋಡೆ ಕಣೇ. ಮೊದಲು ಇಲ್ಲಿ ಕಿಟಕಿ ಇತ್ತು ಅನ್ನೋದಕ್ಕೆ ಸಾಕ್ಷಿ ಸಿಗ್ಲಿ, ಮಾರನೇ ದಿನವೇ ಒಡೆಸ್ತೀನಿ."

ಅವಳು ನಕ್ಕಳು. "ಬಿಸಿಲು ಬೇಕು ಅನ್ನೋಳು ನಾನಿಲ್ಲಿ ಮಲಗಿದೀನಲ್ಲ, ಇನ್ಯಾವ ಸಾಕ್ಷಿ ಬೇಕು?"

ಅವನು ಕೇಳಿಸಿಕೊಂಡನೇ? ಇಲ್ಲ. ಪುಸ್ತಕಗಳ ನಡುವೆ ಕೂತ. ಊರೂರಿನ ಗ್ರಂಥಾಲಯಗಳಿಗೆ ಪತ್ರ ಬರೆದ. ಒಂದು ಚಳಿಗಾಲ ಹೋಯಿತು. ಇನ್ನೊಂದೂ ಹೋಯಿತು. ಮೇಸ್ತ್ರಿ ಬಂದು, "ದಣೀ, ನಾಲ್ಕು ದಿನದ ಕೆಲ್ಸ. ಅಮ್ಮಾವ್ರು ದಿನಾ ಕೇಳ್ತಾರೆ," ಎಂದು ಅಂಗಲಾಚಿದ. ಅವಸರ ಮಾಡಬೇಡ ಎಂದ ಪ್ರಭು.

ಮೂರನೆಯ ವರ್ಷ ತಾನೇ ಹುಡುಕಿಕೊಂಡು ರೋಮ್ ನಗರಕ್ಕೆ ಹೋದ. ಅಲ್ಲಿನ ಗ್ರಂಥಾಲಯದಲ್ಲಿ ಆ ಕೋಟೆಯ ವಿವರವಿದ್ದ ಒಂದು ಹಳೆಯ ಹಾಳೆ ಸಿಕ್ಕಿತು. ಆ ಗೋಡೆಯಲ್ಲಿ ಕಿಟಕಿ ಇತ್ತು! ಹಾಳೆಯ ನಕಲನ್ನು ಎದೆಗವಚಿಕೊಂಡು ಊರಿಗೆ ಧಾವಿಸಿದ. ಬಾಗಿಲಲ್ಲಿ ಮೇಸ್ತ್ರಿ ತಲೆ ತಗ್ಗಿಸಿ ನಿಂತಿದ್ದ. ಅವಳನ್ನು ಮಣ್ಣು ಮಾಡಿ ಒಂಬತ್ತು ದಿನವಾಗಿತ್ತು.

ಪ್ರಭು ಕಿಟಕಿ ಇಡಿಸಿದ. ಬಿಸಿಲು ಬಂದು ಖಾಲಿ ಹಾಸಿಗೆಯ ಮೇಲೆ ಬಿತ್ತು. ಅವನು ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತ.

ಅಯ್ಯೋ ಪಾಪ ಅನ್ನುತ್ತಿದ್ದೀರಿ. ಯಾರಿಗೆ ಅನ್ನುತ್ತಿದ್ದೀರಿ? ಅಡುಗೆಮನೆಗೆ ಬೆಳಕು ಸಾಲದು ಎಂದು ನಿಮ್ಮ ಹೆಂಡತಿ ಹೇಳಿದ್ದು ಯುಗಾದಿಗೆ. ತನ್ನ ತಂಗಿಯ ಮುಖ ಒಮ್ಮೆ ನೋಡಬೇಕು ಎಂದು ನಿಮ್ಮ ಅತ್ತೆ ಹೇಳಿದ್ದು ಹೋದ ವರ್ಷ. ನೀವೇನಂದಿರಿ? ಮನೆಗೆ ಬಣ್ಣ ಹೊಡೆಸುವಾಗ ಎಲ್ಲ ಒಟ್ಟಿಗೆ ಮಾಡಿಸೋಣ, ಕಾರು ತಗೊಂಡ ಮೇಲೆ ಆರಾಮಾಗಿ ಹೋಗೋಣ. ಪ್ರೀತಿಯಿಲ್ಲದೆ ಅಂದಿರಾ? ಇಲ್ಲ, ಪ್ರೀತಿಯಿಂದಲೇ ಅಂದಿರಿ. ಅವನಿಗೂ ಪ್ರೀತಿ ಇತ್ತು ನೋಡಿ, ಬೇಕಾದಷ್ಟಿತ್ತು.

ಈಗ ಎದ್ದು ಮನೆಗೆ ಹೋಗಿ. ಕೇಳಿದ್ದನ್ನು, ಕೇಳಿದಷ್ಟನ್ನೇ, ಇವತ್ತೇ ಮಾಡಿಕೊಡಿ. ಅಂದವಾಗಿ ಮಾಡದಿದ್ದರೂ ಚಿಂತೆಯಿಲ್ಲ. ಅವರು ಇರುವಾಗ ಮಾಡಿ.