ಪೆನೆಲೊಪಿಯ ತಾಳ್ಮೆ

ಲುಂಡ್ ನಿಲ್ದಾಣದಲ್ಲಿ ಸ್ಟಾಕ್‌ಹೋಮ್ ರೈಲಿಗೆ ಕಾಯುತ್ತಿದ್ದ ಜಾಸ್ಮಿನ್ ಕಿವಿಗೆ ಕನ್ನಡ ಬಿತ್ತು. ಪಕ್ಕದಲ್ಲೇ ಒಂದು ಜೋಡಿ. ಮಗುವಿನ ಗಾಡಿ ಗಂಡನ ಕೈಯಲ್ಲಿ, ಸೂಟ್‌ಕೇಸ್ ಹೆಂಡತಿಯ ಕೈಯಲ್ಲಿ. ಜಾಸ್ಮಿನ್ ಹಾಡು ನಿಲ್ಲಿಸಿ, ಇಯರ್‌ಫೋನನ್ನು ಮಾತ್ರ ಕಿವಿಯಲ್ಲೇ ಬಿಟ್ಟಳು.

"ರಜೆ ಹಾಕಿದಾಗಿಂದ ಪಾಪುಗೆ ಗ್ರೀಕ್ ಕಥೆ ಓದ್ತಿದೀನಿ ಕಣೆ. ಪೆನೆಲೊಪಿ ಅಂತ ಒಬ್ಬಳು, ಗಂಡ ಬರೋವರ್ಗೂ ಇಪ್ಪತ್ತು ವರ್ಷ ಬಟ್ಟೆ ನೇಯ್ತಾ ಕಾದ್ಳಂತೆ. ಹೆಂಡತಿ ಅಂದ್ರೆ ಹಾಗಿರ್ಬೇಕು."

"ಅಲ್ಲೀವರ್ಗೂ ಗಂಡ ಎಲ್ಲಿದ್ದ?"

"ಯುದ್ಧಕ್ಕೆ ಹೋಗಿದ್ದ. ವಾಪಸ್ ಬರ್ತಾ ಲೇಟಾಯ್ತು."

"ವರ್ಷಗಟ್ಟಲೆ ದ್ವೀಪದಲ್ಲಿ ದೇವತೆ ಜೊತೆ ಇದ್ದ. ಆ ಪುಟ ಓದ್ಲಿಲ್ವಾ?"

"ಪಾಪ, ಅವಳೇ ಬಿಡ್ಲಿಲ್ವಂತೆ."

"ಸರಿ, ಅದೂ ಹೆಂಗಸಿನ ತಪ್ಪು."

ರೈಲು ಬಂತು.

"ನೀನು ವಾಪಸ್ ಬರೋದು ಯಾವಾಗ?"

"ಆಫೀಸ್ ಕೆಲಸ ಶುಕ್ರವಾರ ಮುಗಿಯತ್ತೆ. ಆದ್ರೆ ಸ್ಟಾಕ್‌ಹೋಮ್ ತುಂಬಾ ದ್ವೀಪಗಳೇ ಅಲ್ವಾ ರೀ, ಲೇಟಾದ್ರೂ ಆಗಬಹುದು. ಇವತ್ತು ಸಂಜೆಗೆ ಬಿಲ್ಡಿಂಗ್‌ನ ವಾಷಿಂಗ್ ಮಷಿನ್ ರೂಮ್ ಬುಕ್ ಮಾಡಿದೀನಿ. ಬಟ್ಟೆ ಮಡಚ್ತಾ ಕಾಯ್ತಿರಿ."