ಧಣಿಗೆ ಬಡಿಸಿದ ಹಳ್ಳದ ಸೊಪ್ಪು

...ಅಯ್ಯೋ, ನಾನೇ ಮೊದಲು ತಿನ್ನಬೇಕಾ? ತಿಂತೀನಿ ಬಿಡಿ ಧಣಿ, ಅದಕ್ಕೇನಂತೆ! ನಮ್ಮ ಸಾರ್ಡಿನಿಯಾದವರ ಕೈಯಡುಗೆ ಅಂದ್ರೆ ರೋಮಿನವರಿಗೆ ಪುಕಪುಕ ಅಂತ ನಂಗೊತ್ತಿಲ್ವಾ? ಇಕೋ, ಒಂದು ತುತ್ತು. ಇಕೋ, ಇನ್ನೊಂದು. ನುಂಗಿದೆ. ಬಾಯಿ ತೆಗೆದು ತೋರಿಸ್ಲಾ? ಹ್ಞಾಂ, ಈಗ ನೀವು ತಗೊಳ್ಳಿ.

ಹೆಂಗಿದೆ? ಸಿಹಿ ಅಲ್ವಾ! ಹಳ್ಳದ ದಂಡೇಲಿ ಬೆಳೆಯೋ ಸೊಪ್ಪು ಅದು. ಗಡ್ಡೆ ಇನ್ನೂ ರುಚಿ, ಕುರಿಹಾಲಿನ ಗಿಣ್ಣು ನಂಜಿಕೊಳ್ಳಿ. ಸೆಪ್ಪಿಯಸ್ ಧಣಿ ಗೋಧಿ ವಸೂಲಿಗೆ ಬಂದ್ರು ಅಂದ್ರೆ ಊರೂರೇ ನಡುಗತ್ತೆ, ಅಂಥವರು ನನ್ನ ಗುಡಿಸಲಲ್ಲಿ ಕೂತು ಉಣ್ಣೋದು ಅಂದ್ರೇನು!

ಗೋಧಿನಾ? ಅಳೆದಾಯ್ತಲ್ಲ, ನಿಮ್ಮ ಆಳುಗಳು ಹೊರಗೆ ಮೂಟೆ ಕಟ್ತಿದಾರೆ. ಹಡಗು ಹತ್ತತ್ತೆ, ರೋಮಿನವರು ಉಂಡು ತೇಗ್ತಾರೆ... ಇಲ್ಲಪ್ಪ, ಕೋಪ ಏನಿಲ್ಲ! ಕೋಪ ಮಾಡ್ಕೊಳ್ಳೋಕೆ ನಾನ್ಯಾರು? ತುನೀಲ ಅನ್ನೋ ಒಂದು ಮುದುಕಿ.

ಮಕ್ಕಳಾ? ಇದ್ದ ಒಬ್ಬ. ನೆರ್ಕಾವು ಅಂತ... ಇನ್ನೂ ಸ್ವಲ್ಪ ಬಡಿಸ್ತೀನಿ, ಸಾಕು ಅನ್ಬೇಡಿ. ಹೋದ ಸುಗ್ಗೀಲಿ ಒಂದು ಮೂಟೆ ಗೋಧಿ ಬಣವೇಲಿ ಬಚ್ಚಿಟ್ಟಿದ್ದ. ಬಿತ್ತನೆಗೆ ಧಣಿ, ಬಿತ್ತನೆಗೆ! ಯಾರೋ ಒಬ್ಬ ರೋಮಿನ ಅಧಿಕಾರಿ ಅವನನ್ನ ಕಣದ ಮೇಟಿಕಂಬಕ್ಕೆ ಕಟ್ಟಿಸಿದ. ಮಟಮಟ ಮಧ್ಯಾಹ್ನ. ನೀರು, ನೀರು ಅಂತಿದ್ದ ನನ್ನ ಮಗ. ಆ ಮಹಾರಾಯ ಅವನೆದುರೇ ಕುದುರೆಗೆ ನೀರು ಕುಡಿಸಿ ನಕ್ಕ. ಸಂಜೆಗೆ... ಸಂಜೆಗೆ ಮಗ ಇರ್ಲಿಲ್ಲ.

ಯಾಕೆ ಎದ್ರಿ? ಕೂತ್ಕೊಳ್ಳಿ. ಅಧಿಕಾರಿ ಹೆಸರಾ? ಮರೆತೋಯ್ತು ಧಣಿ, ವಯಸ್ಸಾಯ್ತಲ್ಲ.

ಏನು, ತುಟಿ ಬಿಗೀತಿದೆಯಾ? ಬೆಟ್ಟದ ಗಾಳಿ, ನಿಮಗೆ ಒಗ್ಗಿಲ್ಲ... ಅರೆ, ನಗ್ತಿದೀರಾ? ಯಾಕೆ ನಗ್ತಿದೀರಿ? ಮಗ ಸತ್ತ ಕಥೆ ಹೇಳಿದ್ರೆ ಯಾರಾದ್ರೂ ನಗ್ತಾರಾ? ಮಾತಾಡಿ. ಆಳುಗಳನ್ನ ಕೂಗ್ಬೇಕಾ? ಕೂಗಿ, ನೋಡೋಣ... ಆಗ್ತಿಲ್ವಾ?

ಆಗಲ್ಲ ಕಣೋ. ಇನ್ನು ಆಗಲ್ಲ.

ಕೇಳು. ಕಿವಿ ಇನ್ನೂ ಕೇಳತ್ತೆ ನಿಂಗೆ. ಬದುಕಿದ್ದು ಸಾಕು ಅನ್ನಿಸಿದಾಗ ನಮ್ಮ ಹಿರೀಕರು ತಾವಾಗೇ ಕಿತ್ತು ತಂದು ತಿನ್ನೋ ಸೊಪ್ಪು ಇದು. ದವಡೆ ಬಿಗಿಯತ್ತೆ, ಹಲ್ಲು ಬಿಟ್ಕೊಂಡು ನಗುನಗ್ತಾ ಹೋಗ್ತಾರೆ. ನಮ್ಮಜ್ಜಿ ಹಂಗೇ ಹೋದ್ಲು. ಇಷ್ಟು ಕಾಲ ಈ ದ್ವೀಪ ಆಳಿದ್ರಲ್ಲೋ, ಗೋಧಿ ಒಂದು ಬಿಟ್ಟು ಇಲ್ಲಿನ ಇನ್ನೊಂದು ಗಿಡಾನ ಕಣ್ಣೆತ್ತಿ ನೋಡಿದ್ರಾ? ಸಿಹಿ ಅಂತ ಚಪ್ಪರಿಸಿದೆ!

ಹೂಂ, ನಾನೂ ತಿಂದೆ. ತಿನ್ನದೆ ಹೋಗಿದ್ರೆ ನೀನು ಮುಟ್ತಿದ್ಯಾ? ನಂಗೇನೋ, ಮಗ ಹೋದ ದಿನವೇ ನನ್ನ ಊಟ ಮುಗೀತು.

ಕಣ್ಣು ಮುಚ್ಚಬೇಡ! ನನ್ನ ನೋಡು. ಅವತ್ತು ಕಣದಲ್ಲಿ ನಿನ್ನ ಕಾಲು ಹಿಡ್ಕೊಂಡು ಗೋಗರೆದ ಹೆಂಗಸು ನಾನೇ ಕಣೋ. ಒದ್ದೆ ನೀನು. ಯಾರನ್ನ ಒದೀತಿದೀನಿ ಅಂತ ತಲೆ ಬಗ್ಗಿಸಿ ನೋಡಿದ್ರೆ ಇವತ್ತು ಗುರುತು ಸಿಗ್ತಿತ್ತು. ನೋಡ್ಲಿಲ್ಲ. ಉರೀತಿದ್ದ ನನ್ನ ಹೊಟ್ಟೆ ಇವತ್ತು ತಣ್ಣಗಾಯ್ತು, ಹಾಳಾದವನೇ!

ಆ... ನನ್ನ ಕೆನ್ನೇನೂ ಎಳೀತಿದೆ. ಬಾಯಿ ಕಟ್ಟೋದ್ರೊಳಗೆ ಇದೊಂದು ಹೇಳ್ಬಿಡ್ತೀನಿ. ಈಗ ನಿನ್ನ ಆಳುಗಳು ಬಾಗಿಲಲ್ಲಿ ಇಣುಕ್ತಾರೆ. ಧಣೀನೂ ಮುದುಕೀನೂ ಎದುರುಬದರು ಕೂತು ನಗ್ತಿದಾರೆ. ಏನೋ ತಮಾಷೆ ನಡೀತಿದೆ, ನಡುವೆ ಹೋದ್ರೆ ಧಣಿ ಬೈತಾರೆ ಅಂತ... ಅವರೂ ಹಲ್ಲುಕಿರಿದು ಆಚೇನೇ ನಿಲ್ತಾರೆ. ಒಳಗೆ... ಒಳಗೆ ಯಾರೂ ಬರಲ್ಲ ಕಣೋ...